ಜೋಲಾರಪೇಟೆಯಲ್ಲಿ ಕೂಡುತ್ತಿದ್ದ ಎರಡು ದಾರಿ

ಚೆನ್ನೈನಿಂದ ರಾತ್ರಿ ಗಾಡಿ ಹತ್ತಿ ಬೆಂಗಳೂರಿಗೆ ಹೊರಟವರಲ್ಲಿ ಜೋಲಾರಪೇಟೆಯ ಹೊತ್ತಿಗೆ ಎಚ್ಚರವಿರುವವರು ಕಡಿಮೆ. ನಡುರಾತ್ರಿ ಗಾಡಿ ನಿಲ್ಲುತ್ತದೆ, ಚಹಾದವನ ಕೂಗು ಕೇಳುತ್ತದೆ, ಮತ್ತೆ ಹೊರಡುತ್ತದೆ. ಆದರೆ ಅಲ್ಲಿ ದಾರಿ ಎರಡಾಗುತ್ತದೆ. ಒಂದು ಹಳಿ ಘಟ್ಟವೇರಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುತ್ತದೆ. ಇನ್ನೊಂದು ಸೇಲಂ, ಪೋದನೂರು, ಪಾಲಕ್ಕಾಡುಗಳನ್ನು ದಾಟಿ, ಕಡಲಿನ ಅಂಚನ್ನು ಹಿಡಿದು ಮಂಗಳೂರು ಸೇರುತ್ತದೆ. ಇದನ್ನೇ ತಿರುಗಿಸಿ ನೋಡಿದರೆ, ಒಂದು ಕಾಲದಲ್ಲಿ ಮೈಸೂರು ಸೀಮೆಯಿಂದಲೂ ದಕ್ಷಿಣ ಕನ್ನಡದಿಂದಲೂ ಮದ್ರಾಸಿಗೆ ಓದಲು ಹೊರಟ ಕನ್ನಡದ ಹುಡುಗರ ದಾರಿಗಳು ಕೂಡುತ್ತಿದ್ದುದು ಈ ನಿಲ್ದಾಣದಲ್ಲೇ.

ಈ ವಿಚಾರ ನಮ್ಮ ತಲೆಯನ್ನು ಹೊಕ್ಕದ್ದು ಇತಿಹಾಸದ ಕುತೂಹಲದಿಂದಲ್ಲ, ಮನೆಯ ಚಿಂತೆಯಿಂದ. ನಮ್ಮ ಮಗಳು ಈ ವರ್ಷ ಕೇಂದ್ರೀಯ ವಿದ್ಯಾಲಯದಲ್ಲಿ ಹನ್ನೆರಡನೆಯ ತರಗತಿ ಮುಗಿಸುತ್ತಿದ್ದಾಳೆ. ಕೃಷಿ ವಿಜ್ಞಾನ ಓದಬೇಕೆಂಬುದು ಅವಳ ಹಟ. ಕೊಯಮತ್ತೂರೋ, ಬೆಂಗಳೂರಿನ ಹೆಬ್ಬಾಳವೋ, ಇಲ್ಲ ಉತ್ತರದ ಯಾವುದಾದರೂ ಕೇಂದ್ರ ವಿಶ್ವವಿದ್ಯಾಲಯವೋ ಎಂಬ ಚರ್ಚೆ ಮೂರು ತಿಂಗಳಿನಿಂದ ನಮ್ಮ ಊಟದ ಹೊತ್ತನ್ನು ತಿನ್ನುತ್ತಿದೆ. ಅವಳ ತಾಯಿಗೆ ದೂರವೆಂದರೆ ಕಿಲೋಮೀಟರು. ಕೆ.ಆರ್.ನಗರದ ಬಳಿಯ ಊರಿನಲ್ಲಿರುವ ನಮ್ಮ ತಾಯಿಗೆ ದೂರವೆಂದರೆ ಭಾಷೆ. ನಮಗೆ, ವರ್ಗಾವಣೆಯ ನೌಕರಿಯವರಿಗೆ, ಯಾವುದನ್ನು ದೂರವೆನ್ನಬೇಕೆಂಬುದೇ ಮರೆತುಹೋಗಿದೆ. ಒಂದು ರಾತ್ರಿ ಮಗಳು, "ದೂರ ದೂರ ಅಂತೀರಲ್ಲ ಅಪ್ಪ, ಎಲ್ಲಿಂದ ದೂರ?" ಎಂದು ಕೇಳಿದಳು. ಅವಳು ಹುಟ್ಟಿದ್ದು ಈ ಊರಿನಲ್ಲಿ. ಅವಳಿಗೆ ಬೆಂಗಳೂರು ಪರಸ್ಥಳ. ನಮಗೆ ಅದು ಊರಿನ ಬಾಗಿಲು.

ನಮ್ಮ ತಂದೆಯವರ ಅಳತೆ ಸರಳವಾಗಿತ್ತು. ಬೆಳಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆಗೆ ಬರುವಂತಿದ್ದರೆ ಓದಬಹುದು, ಇಲ್ಲವಾದರೆ ನೆಂಟರ ಮನೆಯಿರಬೇಕು. ಮೈಸೂರು ಆ ಅಳತೆಯೊಳಗಿತ್ತು. ಹಾಗಾಗಿ ನಾವು ಮಾನಸಗಂಗೋತ್ರಿಯಲ್ಲಿ ಇಂಗ್ಲಿಷ್ ಎಂ.ಎ. ಓದಿದೆವು. ನೂರು ವರ್ಷ ಹಿಂದೆ ಹುಟ್ಟಿದ್ದರೆ ಅದೇ ಎಂ.ಎ.ಗಾಗಿ ಮದ್ರಾಸಿನ ಗಾಡಿ ಹತ್ತಬೇಕಾಗುತ್ತಿತ್ತು ಎಂಬುದು ಆಗ ಹೊಳೆದಿರಲಿಲ್ಲ.

ಮದ್ರಾಸ್ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1857ರಲ್ಲಿ. ಅದೇ ವರ್ಷ ಕಲ್ಕತ್ತೆ ಮತ್ತು ಮುಂಬಯಿಯ ವಿಶ್ವವಿದ್ಯಾಲಯಗಳೂ ಆದವು. ಆರಂಭದಲ್ಲಿ ಇವು ಪಾಠ ಹೇಳುವ ಸಂಸ್ಥೆಗಳಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಗಳು. ಪಾಠ ನಡೆಯುತ್ತಿದ್ದುದು ಅವುಗಳಿಗೆ ಸೇರಿದ ಕಾಲೇಜುಗಳಲ್ಲಿ. ಮದ್ರಾಸಿನ ಆಳ್ವಿಕೆ ಎಷ್ಟು ದೂರ ಹಬ್ಬಿತ್ತೆಂದರೆ, ಅದರ ಮೊದಲ ಇಬ್ಬರು ಬಿ.ಎ. ಪದವೀಧರರು ಯಾಳ್ಪಾಣದ ತಮಿಳರು: ಸಿ.ವೈ. ತಾಮೋದರಂ ಪಿಳ್ಳೆ ಮತ್ತು ವಿಶ್ವನಾಥ ಪಿಳ್ಳೆ. ಮದ್ರಾಸಿನ ಹುಡುಗರಿಗಿಂತ ಮೊದಲು ಸಮುದ್ರದಾಚೆಯವರು ಪದವೀಧರರಾದರು.

ಕನ್ನಡ ನಾಡಿಗೆ ಮಾತ್ರ ತನ್ನದೆಂಬ ವಿಶ್ವವಿದ್ಯಾಲಯ ಇರಲಿಲ್ಲ. ನಾಡೇ ಹಲವು ತುಂಡಾಗಿತ್ತು. ಧಾರವಾಡ, ಬೆಳಗಾವಿ, ವಿಜಾಪುರಗಳ ಹುಡುಗ ಮುಂಬಯಿ ವಿಶ್ವವಿದ್ಯಾಲಯದ ಪಾಲಿಗೆ ಸೇರಿದವನು. ಅವನು ಪುಣೆಯ ಫರ್ಗ್ಯುಸನ್ ಕಾಲೇಜಿಗೋ ಡೆಕ್ಕನ್ ಕಾಲೇಜಿಗೋ ಹೋಗುತ್ತಿದ್ದ. ಮಂಗಳೂರು, ಬಳ್ಳಾರಿ, ಕೊಡಗಿನವರ ಮುಖ ಮದ್ರಾಸಿನ ಕಡೆಗೆ. ಮೈಸೂರು ಅರಸರ ಸಂಸ್ಥಾನವಾದರೂ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜ ಕಾಲೇಜುಗಳು ಸೇರಿದ್ದು ಮದ್ರಾಸಿಗೇ. ಎಷ್ಟು ದೂರ ಹೋಗಬೇಕೆಂಬ ಪ್ರಶ್ನೆಗೆ ಉತ್ತರ ಹುಡುಗನ ಇಷ್ಟದಲ್ಲಿರಲಿಲ್ಲ, ಆಡಳಿತದ ನಕ್ಷೆಯಲ್ಲಿತ್ತು. ದೂರವನ್ನು ಆರಿಸಿಕೊಳ್ಳುವ ಭಾಗ್ಯ, ಅಥವಾ ಸಂಕಟ, ತೀರ ಈಚಿನದು.

ಬಿ.ಎ. ಓದನ್ನು ಬೆಂಗಳೂರಿನಲ್ಲೇ ಮುಗಿಸಬಹುದಾಗಿತ್ತು. ಹಳ್ಳಿಯಿಂದ ಬಂದವನಿಗೆ ಬೆಂಗಳೂರೇ ದೂರ. ಮಾಸ್ತಿಯವರ 'ರಂಗನ ಮದುವೆ' ಕಥೆಯನ್ನು ನೆನೆಯಬೇಕು. ಬೆಂಗಳೂರಿಗೆ ಓದಲು ಹೋದ ಶಾನುಭೋಗರ ಮಗ ಮರಳಿ ಬಂದಾಗ ಹೊಸಹಳ್ಳಿಯೇ ಅವನ ಮನೆಯ ಮುಂದೆ ನೆರೆಯುತ್ತದೆ. ಹುಡುಗ ಬದಲಾಗಿದ್ದಾನೋ ಇಲ್ಲವೋ ನೋಡಬೇಕು. ಮುದುಕಿಯೊಬ್ಬಳು ಅವನ ಎದೆ ತಡವಿ ಜನಿವಾರ ಇದೆಯೆಂದು ಖಚಿತಪಡಿಸಿಕೊಂಡು ಸಮಾಧಾನ ಪಡುತ್ತಾಳೆ. ನಗುತ್ತಾ ಓದುವ ಪ್ರಸಂಗವಿದು. ಆದರೆ ಮಗುವನ್ನು ಹೊರಗೆ ಕಳಿಸುವ ಮನೆಯವರ ಭಯ ಅದರೊಳಗೆ ಪೂರ್ತಿಯಾಗಿದೆ. ನಾವು ಇಂದು ಜನಿವಾರವನ್ನು ತಡವುವುದಿಲ್ಲ. ವಿಡಿಯೊ ಕರೆಯಲ್ಲಿ ಊಟದ ತಟ್ಟೆ ತೋರಿಸು ಎನ್ನುತ್ತೇವೆ.

ಬಿ.ಎ. ಆದ ಮೇಲೆ ಏನು ಎಂಬಲ್ಲಿ ದೊಡ್ಡ ದೂರ ಎದುರಾಗುತ್ತಿತ್ತು. ಕಾನೂನು, ವೈದ್ಯ, ಎಂಜಿನಿಯರಿಂಗ್ ಓದಬೇಕಾದವರಿಗೆ ಮದ್ರಾಸಿನ ಲಾ ಕಾಲೇಜು, ಮೆಡಿಕಲ್ ಕಾಲೇಜು, ಗಿಂಡಿಯ ಕಾಲೇಜುಗಳು ಕಾಣುತ್ತಿದ್ದವು. ಎಂ.ಎ. ಓದುವವರಿಗೆ ಮರೀನಾ ತೀರದ ಪ್ರೆಸಿಡೆನ್ಸಿ ಕಾಲೇಜು, ಅಥವಾ ಆಗ ಇನ್ನೂ ತಾಂಬರಕ್ಕೆ ಹೋಗದೆ ಪ್ಯಾರಿಸ್ ಬಳಿಯಲ್ಲೇ ಇದ್ದ ಕ್ರಿಶ್ಚಿಯನ್ ಕಾಲೇಜು. 1864ರಲ್ಲೇ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದಿತ್ತು. ಮೈಸೂರಿನಿಂದ ಬೆಂಗಳೂರಿಗೆ ರೈಲಾದದ್ದು 1882ರಲ್ಲಿ, ಅದೂ ಮೀಟರ್ ಗೇಜಿನದು. ಮೈಸೂರಿನ ಹುಡುಗ ಬೆಂಗಳೂರಿನಲ್ಲಿ ಇಳಿದು, ಹಾಸಿಗೆ ಟ್ರಂಕುಗಳನ್ನು ಇಳಿಸಿ, ಬೇರೆ ಅಗಲದ ಹಳಿಯ ಗಾಡಿ ಹತ್ತಬೇಕು. ಕರಾವಳಿಯವರ ಪಾಡು ಇದಕ್ಕಿಂತ ಕಷ್ಟ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮುಂಚೆ ಕಡಲ ದಾರಿಯಲ್ಲೋ ನೆಲದ ದಾರಿಯಲ್ಲೋ ದಕ್ಷಿಣಕ್ಕೆ ಸರಿದು, ಮಲಬಾರಿನಲ್ಲಿ ರೈಲು ಹಿಡಿಯಬೇಕು. ಮಳೆಗಾಲದಲ್ಲಿ ಕಡಲ ದಾರಿ ಮುಚ್ಚಿಯೇ ಹೋಗುತ್ತಿತ್ತು. ಅಂದರೆ ಜೂನ್‌ನಿಂದ ಕೆಲವು ತಿಂಗಳು ಮಂಗಳೂರಿನ ಮಗ ಮನೆಗೆ ಹೇಗಾದರೂ ಓಡಿಬರುತ್ತಾನೆ ಎಂದು ತಾಯಿ ನೆಚ್ಚಿಕೊಳ್ಳುವಂತಿರಲಿಲ್ಲ.

ಆ ರೈಲಿಲ್ಲದ ಕಾಲದಲ್ಲಿ ಹೋದವರಲ್ಲಿ ಬೆನಗಲ್ ನರಸಿಂಹ ರಾಯರು ಒಬ್ಬರು. ಮುಂದೆ ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾದವರು. ಮಂಗಳೂರಿನ ಕೆನರಾ ಹೈಸ್ಕೂಲಿನಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಅಲ್ಲಿಂದ ಕೇಂಬ್ರಿಜಿನ ಟ್ರಿನಿಟಿ, 1910ರಲ್ಲಿ ಐ.ಸಿ.ಎಸ್. ಅವರಿಗೆ ಮದ್ರಾಸು ಒಂದು ಮೆಟ್ಟಿಲು. ಟಿ.ಪಿ. ಕೈಲಾಸಂ ಅವರಿಗೂ ಹಾಗೆಯೇ: ಪ್ರೆಸಿಡೆನ್ಸಿಯಲ್ಲಿ ಭೂವಿಜ್ಞಾನ, ಆಮೇಲೆ ಲಂಡನ್. ಅವರ ತಂದೆ ಮೈಸೂರು ಸಂಸ್ಥಾನದ ನ್ಯಾಯಾಧೀಶರು. ಮನೆಯಲ್ಲಿ ಅನುಕೂಲವಿದ್ದರೆ ದೂರ ಹೆಚ್ಚಿದಂತೆ ಮರ್ಯಾದೆಯೂ ಹೆಚ್ಚುತ್ತದೆ.

ಆದರೆ ನಮ್ಮ ಮನಸ್ಸು ಪದೇ ಪದೇ ನಿಲ್ಲುವುದು ಮಂಜೇಶ್ವರದ ಗೋವಿಂದ ಪೈಗಳ ಬಳಿ. 1883ರಲ್ಲಿ ಹುಟ್ಟಿದ ಪೈಗಳು ಮಂಗಳೂರಿನಲ್ಲಿ ಓದಿ, ಬಿ.ಎ. ಓದಲು ಮದ್ರಾಸಿಗೆ ಬಂದರು. ಓದು ಕೊನೆ ಮುಟ್ಟುವ ಮೊದಲೇ ತಂದೆಯ ಮರಣದಿಂದ ಊರಿಗೆ ಮರಳಬೇಕಾಯಿತು. ಇಂಗ್ಲಿಷಿನಲ್ಲಿ ಚಿನ್ನದ ಪದಕ ದೊರೆಯಿತು, ಪದವಿ ದೊರೆಯಲಿಲ್ಲ. ಮನೆಯ ಹೊಣೆ ಹೊತ್ತು ಮಂಜೇಶ್ವರದಲ್ಲಿ ನೆಲೆಸಿ, ಹಲವಾರು ಭಾಷೆಗಳನ್ನು ತಾವೇ ಕಲಿತು, ಕಾವ್ಯ ಬರೆದು, ಸಂಶೋಧನೆ ಮಾಡಿದರು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟದ್ದು ಮದ್ರಾಸ್ ಸರ್ಕಾರವೇ. ಪದವಿಯಿಲ್ಲದೆ ಬಿಟ್ಟುಹೋದ ಊರಿನಿಂದ ಬಿರುದು ಬಂತು ಎಂದು ಸುಖಾಂತ್ಯ ಮಾಡಿ ಹೇಳುವುದು ಸುಲಭ. ನಮಗೆ ಕಾಣುವುದು ಬೇರೆ. ಕಾಲೇಜು ಮಂಗಳೂರಿನಷ್ಟು ಹತ್ತಿರದಲ್ಲಿದ್ದು, ಮನೆಯ ಕೆಲಸ ಮುಗಿಸಿ ಒಂದು ತಿಂಗಳ ಮೇಲೆ ಮರಳಬಹುದಾಗಿದ್ದರೆ ಆ ಪದವಿ ಕೈಗೆ ಬರುತ್ತಿತ್ತೇನೋ. ಬಹಳ ದೂರ ಓದುವವನಿಗೆ ಮನೆಯ ವಿಪತ್ತು ಅರ್ಧ ವಿಪತ್ತಾಗಿ ಬರುವುದಿಲ್ಲ. ಓದು ಇಲ್ಲವೇ ಮನೆ, ಎರಡರಲ್ಲಿ ಒಂದು.

ಮಾಸ್ತಿಯವರ ದಾರಿ ಘಟ್ಟದ ಮೇಲಿನದು. ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿ, ಬಂಧುಗಳ ಆಸರೆಯಲ್ಲಿ ಊರಿಂದೂರಿಗೆ ಹೋಗಿ ಓದಿ, ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮದ್ರಾಸ್ ವಿಶ್ವವಿದ್ಯಾಲಯದಿಂದ 1914ರಲ್ಲಿ ಇಂಗ್ಲಿಷ್ ಎಂ.ಎ. ಪಡೆದರು. ಇಲ್ಲಿ ಒಂದು ಸ್ವಾರಸ್ಯವಿದೆ. ಮಾಸ್ತಿಯವರ ಮನೆಮಾತು ತಮಿಳು. ನಾಡಿನಿಂದ ದೂರ ಬಂದಾಗ ಅವರು ಮನೆಮಾತಿಗೆ ಹತ್ತಿರ ಬಂದಿದ್ದರು. ಮದ್ರಾಸಿನ ಬೀದಿಯ ಮಾತು ಅವರ ಅಡುಗೆಮನೆಯ ಮಾತು. ಪೈಗಳದೂ ನರಸಿಂಹ ರಾಯರದೂ ಕೊಂಕಣಿ ಮನೆಗಳು. ಕನ್ನಡದ ಹುಡುಗರೆಂದು ನಾವು ಲೆಕ್ಕ ಹಾಕುವವರಲ್ಲಿ ಅನೇಕರಿಗೆ ಕನ್ನಡ ಹುಟ್ಟಿನಿಂದ ಬಂದ ಭಾಷೆಯಲ್ಲ, ನೆಲದಿಂದ ಬಂದದ್ದು, ಆಮೇಲೆ ಮನಸ್ಸು ಮಾಡಿ ಉಳಿಸಿಕೊಂಡದ್ದು. ಅಚ್ಚ ಕನ್ನಡದ ಮನೆಯಿಂದ ಬಂದು, ಮಗಳಿಗೆ ಕನ್ನಡ ಅಕ್ಷರ ತಡವಾಗಿ ಕಲಿಸಿದ ನಮಗೆ ಇದು ಸ್ವಲ್ಪ ಚುಚ್ಚುವ ಸಂಗತಿ.

ಬಿ.ಎಂ. ಶ್ರೀಕಂಠಯ್ಯನವರು ಮಾಸ್ತಿಯವರಿಗಿಂತ ಐದು ವರ್ಷ ಮೊದಲೇ, 1909ರಲ್ಲಿ, ಮದ್ರಾಸಿನ ಎಂ.ಎ. ಪಡೆದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳತೊಡಗಿದ್ದರು. ಎರಡು ವರ್ಷಕ್ಕೆ, 1911ರಲ್ಲಿ, ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದರು. ಮದ್ರಾಸಿನ ಪದವಿ ಪಡೆದ ಮೈಸೂರಿನವರು, ತನ್ನ ಮಕ್ಕಳನ್ನು ಪುಣೆಗೆ ಓದಲು ಕಳಿಸುತ್ತಿದ್ದ ಧಾರವಾಡದಲ್ಲಿ ನಿಂತು ಕನ್ನಡದ ಭವಿಷ್ಯ ಹೇಳಿದರು. ಅಂದಿನ ಕರ್ನಾಟಕವೆಂದರೆ ಹೀಗಿತ್ತು. ಅದೇ ಹೊತ್ತಿನಲ್ಲಿ ಧಾರವಾಡದಲ್ಲಿ ಶಾಲೆ ಓದುತ್ತಿದ್ದ ಬೇಂದ್ರೆಯವರು ಮುಂದೆ ಚಿಕ್ಕಪ್ಪನ ನೆರವಿನಿಂದ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋಗಿ 1918ರಲ್ಲಿ ಬಿ.ಎ. ಆದರು. ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದು 1917ರಲ್ಲಿ, ಅವರ ಪಾಲಿಗೆ ತಡವಾಗಿ.

ದೂರದ ಓದಿನ ಬೆಲೆಯನ್ನು ಚೆನ್ನಾಗಿ ಬಲ್ಲ ಇನ್ನೊಬ್ಬರಿದ್ದರು. ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಬೆಂಗಳೂರಿನ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿಕೊಂಡು, 1881ರಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್. ಓದು ಮುಗಿದೊಡನೆ ಅವರನ್ನು ಕರೆದುಕೊಂಡದ್ದು ಯಾರು? ಮುಂಬಯಿ ಸರ್ಕಾರ. ವಿದ್ಯಾರ್ಥಿವೇತನ ಮೈಸೂರಿನದು, ಇಪ್ಪತ್ತು ವರ್ಷಕ್ಕೂ ಮಿಕ್ಕ ದುಡಿಮೆ ಮುಂಬಯಿಯದು. 1909ರಲ್ಲಿ ಮುಖ್ಯ ಎಂಜಿನಿಯರ್ ಆಗಿ ಅವರು ಮೈಸೂರಿಗೆ ಮರಳುವ ಹೊತ್ತಿಗೆ ವಯಸ್ಸು ಐವತ್ತರ ಹತ್ತಿರ. ಓದಿದ ಊರೇ ಕೆಲಸದ ಊರಾಗುತ್ತದೆ ಎಂಬ ಈ ಸರಳ ಲೆಕ್ಕವನ್ನು ಕಾಲೇಜು ಹುಡುಕುವಾಗ ತಂದೆತಾಯಿಗಳು ಹಾಕುವುದಿಲ್ಲ. ನಾಲ್ಕು ವರ್ಷ ತಾನೆ ಎಂದುಕೊಳ್ಳುತ್ತೇವೆ.

ಅವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು, ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಪತಿಗಳು, ಎಚ್.ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ಬಿ.ಎ.ಗಳು ಮೊದಲೂ ಇದ್ದವು, ಕಾಲೇಜುಗಳೂ ಅವೇ. ಆದರೆ ಏನನ್ನು ಓದಿಸಬೇಕು, ಯಾವುದಕ್ಕೆ ಎಂ.ಎ. ಇರಬೇಕು ಎಂಬ ತೀರ್ಮಾನ ಮದ್ರಾಸಿನ ಸೆನೆಟ್ ಹೌಸಿನಿಂದ ಮೈಸೂರಿಗೆ ಬಂತು. 1917ರಲ್ಲಿ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು, 1924ರಲ್ಲಿ ವೈದ್ಯಕೀಯ ಕಾಲೇಜು. 1927ರಲ್ಲಿ, ಶ್ರೀಯವರ ಒತ್ತಾಸೆಯಿಂದ, ಕನ್ನಡ ಎಂ.ಎ. ಮಲೆನಾಡಿನ ಕುಪ್ಪಳಿಯಿಂದ ಬಂದ ಕುವೆಂಪು ಮೊದಲ ತಂಡದಲ್ಲಿ ಓದಿ 1929ರಲ್ಲಿ ಎಂ.ಎ. ಆದರು. ಕುಪ್ಪಳಿಯ ಆ ಹುಡುಗ ಮದ್ರಾಸಿನ ಗಾಡಿ ಹತ್ತಬೇಕಾಗಲಿಲ್ಲ.

ಹೆಣ್ಣುಮಕ್ಕಳ ಮಾತು ಬೇರೆಯೇ. ಅವರಿಗೆ ದೂರವನ್ನು ಅಳೆಯುತ್ತಿದ್ದುದು ಮನೆಯ ಹೊಸ್ತಿಲಿನಿಂದ. ಮೈಸೂರಿನ ಮಹಾರಾಣಿ ಕಾಲೇಜಿನ ಮೊದಲ ಪದವೀಧರೆಯರು ಮದ್ರಾಸಿನ ಬಿ.ಎ. ಪಡೆದದ್ದು ಮೈಸೂರಿನಲ್ಲೇ ಇದ್ದುಕೊಂಡು. ಮದ್ರಾಸಿನಲ್ಲೂ ಹೆಣ್ಣುಮಕ್ಕಳಿಗೆಂದೇ ಇಂದಿನ ಕ್ವೀನ್ ಮೇರೀಸ್ ಕಾಲೇಜು ಆರಂಭವಾದದ್ದು 1914ರಲ್ಲಿ, ಮಾಸ್ತಿಯವರು ಎಂ.ಎ. ಮುಗಿಸಿದ ವರ್ಷ. ನಮ್ಮ ಮಗಳು ದೂರ ಹೋಗಲೇ ಎಂದು ಕೇಳುವಾಗ ನಮ್ಮ ಮನೆಯ ಹಿಂದಿನ ಹೆಣ್ಣುಮಕ್ಕಳು ಕೇಳಲಾಗದೆ ಹೋದ ಪ್ರಶ್ನೆಯನ್ನೂ ಸೇರಿಸಿ ಕೇಳುತ್ತಿದ್ದಾಳೆ. ನಮ್ಮ ತಾಯಿ ಓದಿದ್ದು ಏಳನೆಯ ತರಗತಿಯವರೆಗೆ. ಹೈಸ್ಕೂಲು ಮೂರು ಮೈಲಿ ದೂರವಿತ್ತು.

ಮೈಸೂರಿನವರಿಗೆ 1916ರಲ್ಲಿ ದೂರ ಕಡಿಮೆಯಾಯಿತು, ಕರಾವಳಿಗೆ ಆಗಲಿಲ್ಲ. ರಾಜ್ಯಗಳ ಪುನರ್ವಿಂಗಡಣೆಯವರೆಗೆ ಮಂಗಳೂರಿನ ಕಾಲೇಜುಗಳು ಮದ್ರಾಸಿಗೆ ಸೇರಿಯೇ ಇದ್ದವು. ಮಂಗಳೂರಿಗೆ ತನ್ನದೇ ವಿಶ್ವವಿದ್ಯಾಲಯವಾದದ್ದು 1980ರಲ್ಲಿ. ಅಂದರೆ ಜೋಲಾರಪೇಟೆಯಲ್ಲಿ ಕೂಡುತ್ತಿದ್ದ ಎರಡು ದಾರಿಗಳಲ್ಲಿ ಒಂದು ಮಾತ್ರ ಬರಿದಾಗತೊಡಗಿತ್ತು. ಮದ್ರಾಸಿನ ತರಗತಿಯಲ್ಲಿ ಮೈಸೂರಿನವನಿಗೂ ಮಂಗಳೂರಿನವನಿಗೂ ಪಕ್ಕದಲ್ಲಿ ಕೂರುವ ಅವಕಾಶವಿತ್ತು. ಊರಿನಲ್ಲಿ ಬೇರೆ ಬೇರೆ ಸರ್ಕಾರದ ಪ್ರಜೆಗಳು ಅವರು. ಇಲ್ಲಿ ತಮಿಳರ, ತೆಲುಗರ, ಮಲೆಯಾಳಿಗಳ ನಡುವೆ ಇಬ್ಬರಿಗೂ ಒಂದೇ ಗುರುತು. ಹೊರನಾಡಿನಲ್ಲಿ ಬದುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಶಿವಮೊಗ್ಗದವರೂ ಬೀದರಿನವರೂ ಒಂದೇ ಪಂಕ್ತಿಯಲ್ಲಿ ಕುಳಿತು ಹೋಳಿಗೆ ತಿನ್ನುವುದನ್ನು ನಾವು ಕಂಡದ್ದು ಚೆನ್ನೈನಲ್ಲೇ ಹೊರತು ಮೈಸೂರಿನಲ್ಲಲ್ಲ. ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎನ್ನಲಾರೆವು. ಮದ್ರಾಸಿನ ತನಕ ಬಂದವರ ಹೆಸರು ನಮಗೆ ಗೊತ್ತಿದೆ. ಖರ್ಚಿಲ್ಲದೆ ಊರಿನಲ್ಲೇ ಉಳಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅವರ ಸಂಖ್ಯೆ ಹೆಚ್ಚೇ ಇದ್ದೀತು.

ಮದ್ರಾಸ್ ವಿಶ್ವವಿದ್ಯಾಲಯ ಕನ್ನಡವನ್ನು ಕೈಬಿಡಲಿಲ್ಲವೆಂಬುದನ್ನೂ ಹೇಳಬೇಕು. ಆರ್. ನರಸಿಂಹಾಚಾರ್ಯರು ಕನ್ನಡದ ಮೊದಲ ಎಂ.ಎ. ಎನಿಸಿದ್ದು ಇಲ್ಲಿಯ ಪದವಿಯಿಂದ. ಕಿಟೆಲ್ಲರ ಶಬ್ದಕೋಶವನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿದಾಗ 1968ರಿಂದ 1971ರ ನಡುವೆ ಸಂಪುಟಗಳಾಗಿ ಅಚ್ಚು ಹಾಕಿಸಿದ್ದು ಈ ವಿಶ್ವವಿದ್ಯಾಲಯವೇ. ಆಗ ಕರ್ನಾಟಕದೊಡನೆ ಅದಕ್ಕೆ ಆಡಳಿತದ ಸಂಬಂಧವೇನೂ ಉಳಿದಿರಲಿಲ್ಲ. ಕಚೇರಿಯಿಂದ ಬರುವಾಗ ಮರೀನಾ ರಸ್ತೆಯಲ್ಲಿ ಸೆನೆಟ್ ಹೌಸಿನ ಕೆಂಪು ಗೋಪುರಗಳನ್ನು ದಾಟುತ್ತೇವೆ. ಹಿಂದಿನ ಆಸನದಲ್ಲಿ ಮಗಳು ಸಾಮಾನ್ಯ ಪ್ರವೇಶ ಪರೀಕ್ಷೆಯ ಪುಸ್ತಕ ತೆರೆದು ಕುಳಿತಿರುತ್ತಾಳೆ.

ಪೈಗಳ ಮಂಜೇಶ್ವರ 1956ರಿಂದ ಕೇರಳದಲ್ಲಿದೆ. ಅಲ್ಲಿಯ ಕನ್ನಡದ ಮಕ್ಕಳು ರಾಜ್ಯದ ಗಡಿ ದಾಟಿ ಮಂಗಳೂರಿನಲ್ಲಿ ಕಾಲೇಜು ಮುಗಿಸಿ ಸಂಜೆ ಮನೆ ಸೇರಬಹುದು. ನಮ್ಮ ತಂದೆಯವರ ಅಳತೆ ಅಲ್ಲಿ ಸಲ್ಲುತ್ತದೆ. ಆದರೆ ಗಡಿನಾಡು, ಹೊರನಾಡುಗಳ ಕನ್ನಡಿಗರ ಮಕ್ಕಳು ಆ ಹೆಸರಿನಲ್ಲಿ ಕರ್ನಾಟಕದ ಸೀಟು ಬೇಡಬೇಕಾದರೆ ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆಯಬೇಕು. ಮನೆಗೆ ಮರಳಲು ಬಾಗಿಲಲ್ಲಿ ಗುರುತು ಹೇಳಿದ ಹಾಗೆ. ಇದು ಅನ್ಯಾಯವೆಂದು ನಮಗೆ ಅನ್ನಿಸಿಲ್ಲ. ಕನ್ನಡಿಗರೆಂದು ಹೇಳಿಕೊಂಡ ಮೇಲೆ ನಾಲ್ಕು ಸಾಲು ಕನ್ನಡ ಬರೆದು ತೋರಿಸಿ ಎನ್ನುವುದರಲ್ಲಿ ತಪ್ಪೇನಿದೆ? ಆದರೆ ಅರ್ಜಿ ತುಂಬುವ ದಿನ ನಮಗೆ ನಾಚಿಕೆಯಾಯಿತು. ಮಗಳು ಹಿಂದಿ, ಸಂಸ್ಕೃತ ಬರೆಯಬಲ್ಲಳು. ಬಸ್ಸಿನ ತಮಿಳು ಫಲಕವನ್ನು ಓಡುತ್ತಲೇ ಓದಬಲ್ಲಳು. ಕನ್ನಡವನ್ನು ಮನೆಯಲ್ಲಿ ಮಾತನಾಡುತ್ತಾಳೆ, ಬರೆದದ್ದು ಕಡಿಮೆ.

ಕೊಯಮತ್ತೂರು ಇಲ್ಲಿಂದ ಸುಮಾರು ಐನೂರು ಕಿಲೋಮೀಟರು, ಬೆಂಗಳೂರು ಮುನ್ನೂರ ಐವತ್ತು. ಅವಳು ಎರಡಕ್ಕೂ ಅರ್ಜಿ ಹಾಕುವುದೆಂದು ತೀರ್ಮಾನವಾಗಿದೆ; ಉತ್ತರದ ಮಾತನ್ನು ಅವಳೇ ಬಿಟ್ಟಳು, ನಾವು ಬಿಡಿಸಲಿಲ್ಲ. ಎರಡು ಊರಿಗೂ ಗಾಡಿ ಜೋಲಾರಪೇಟೆಯ ಮೇಲೆಯೇ ಹೋಗುತ್ತದೆ. ಕನ್ನಡ ಪರೀಕ್ಷೆಗೆ ಇನ್ನು ಕೆಲವೇ ವಾರಗಳಿವೆ. ದಿನವೂ ಸಂಜೆ ಏಳಕ್ಕೆ ನಮ್ಮ ತಾಯಿ ಫೋನಿನಲ್ಲಿ ಉಕ್ತಲೇಖನ ಹೇಳುತ್ತಾರೆ, ಮೊಮ್ಮಗಳು ಬರೆಯುತ್ತಾಳೆ. ಬರೆದದ್ದರ ಫೋಟೊ ಕಳಿಸಿದರೆ ಅಜ್ಜಿ ಕನ್ನಡಕ ಹಾಕಿಕೊಂಡು ತಿದ್ದುತ್ತಾರೆ. ಹ್ರಸ್ವ ದೀರ್ಘಗಳು ಸರಿಹೋಗಿವೆ. ಒತ್ತಕ್ಷರದಲ್ಲಿ ಇನ್ನೂ ತಪ್ಪುತ್ತಾಳೆ.